ಉಜ್ಜುವ ಮೊದಲು ಒಮ್ಮೆ ನೋಡಿ

ಹಳೆಯ ಸೈನಿಕ ಕೋವಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉತ್ತರಿಸುವವರು ಸೈನ್ಯದಲ್ಲಿ ಆರ್ಮರರ್ (ಕೋವಿ ರಿಪೇರಿಯವರು) ಆಗಿ ದುಡಿದು ನಿವೃತ್ತರಾಗಿ, ಈಗ ಮಂಗಳೂರಿನ ಬಿಜೈಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ಹಳೆ ಮನೆ ರಿಪೇರಿಗೆ ತೆಗೆದಾಗ ಅಟ್ಟದಲ್ಲಿ ಒಂದು ಉದ್ದದ ಕೋವಿ ಸಿಕ್ಕಿತು. ಬಾಯಿಯಿಂದ ಮದ್ದು ತುಂಬಿ, ಕೇಪು (ಬಡಿದರೆ ಕಿಡಿ ಕೊಡುವ ಸಣ್ಣ ಟೋಪಿ) ಇಟ್ಟು ಹೊಡೆಯುವಂಥದ್ದು. ಬದಿಯ ಕಬ್ಬಿಣದ ತಗಡಿನ ಮೇಲೆ ಹುಲಿಯ ಚಿತ್ರ ಇದೆ. ಟಿಪ್ಪು ಸುಲ್ತಾನನ ಕಾಲದ ಕೋವಿ ಅಂತ ದೊಡ್ಡಪ್ಪ ಹೇಳುತ್ತಾರೆ. ತುಕ್ಕು ಉಜ್ಜಿಸಿ, ಮರಕ್ಕೆ ವಾರ್ನಿಶ್ ಹೊಡೆಸಿ ಚಾವಡಿಯಲ್ಲಿ ತೂಗುಹಾಕಬೇಕು ಅಂತಿದ್ದೇವೆ. ಕೇಪಿನ ಮೇಲೆ ಬಡಿಯುವ ಹ್ಯಾಮರ್ ಈಗಲೂ ಟಕ್ಕೆಂದು ಬೀಳುತ್ತದೆ. ಫೋಟೊ ಇಟ್ಟಿದ್ದೇನೆ. — ಓದುಗರು, ಕಾರ್ಕಳ

ಉತ್ತರ: ಟಿಪ್ಪು ಆಮೇಲೆ ಬರಲಿ. ಮೊದಲು ಕೋವಿಯನ್ನು ಯಾರ ಕಡೆಗೂ ಬಾಯಿ ಮಾಡದೆ ಒಂದು ಕಡೆ ಮಲಗಿಸಿ. ಅಟ್ಟದಲ್ಲಿ ಸಿಗುವ ಬಾಯಿಮದ್ದಿನ ಕೋವಿಗಳಲ್ಲಿ ಈಡು ತುಂಬಿಯೇ ಇರುವುದು ಅಪರೂಪ ಅಲ್ಲ. ಹಂದಿಗೆ ಅಂತ ತುಂಬಿಸಿ ಇಟ್ಟಿರುತ್ತಾರೆ, ಹಂದಿ ಬಂದಿರುವುದಿಲ್ಲ, ಇಟ್ಟವರು ತೀರಿಕೊಂಡಿರುತ್ತಾರೆ. ಕರಿಮದ್ದು ಒಣಗಿಯೇ ಇದ್ದರೆ ಎಷ್ಟು ವರ್ಷವಾದರೂ ಕೆಲಸ ಕೆಡುವುದಿಲ್ಲ.

ಪರೀಕ್ಷೆ ಸುಲಭ. ಒಂದು ತೆಳ್ಳಗಿನ ಮರದ ಕೋಲು ತೆಗೆದುಕೊಳ್ಳಿ. ಕಬ್ಬಿಣದ್ದು ಬೇಡ. ನಳಿಗೆಯೊಳಗೆ ತಾಗುವವರೆಗೆ ಮೆಲ್ಲಗೆ ಇಳಿಸಿ. ಬಾಯಿಯ ಹತ್ತಿರ ಕೋಲಿಗೆ ಒಂದು ಗುರುತು ಹಾಕಿ. ಈಗ ಕೋಲನ್ನು ಹೊರಗೆ ತೆಗೆದು, ಗುರುತನ್ನು ಬಾಯಿಗೆ ಸರಿ ಹಿಡಿದು, ನಳಿಗೆಯ ಹೊರಮೈ ಮೇಲೆ ಇಡಿ. ಕೋಲಿನ ತುದಿ ಕೇಪು ಕೂರುವ ಮೊಲೆಯ ತನಕ ಬಂದರೆ ನಳಿಗೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ಕೆದಕಲು ಹೋಗಬೇಡಿ. ಅದು ಲೈಸೆನ್ಸ್ ಇರುವ ಕೋವಿ ಅಂಗಡಿಯವರ ಕೆಲಸ.

ಈಗ ಹುಲಿ. ಫೋಟೊ ದೊಡ್ಡದು ಮಾಡಿ ನೋಡಿದೆ. ಆ ಪ್ರಾಣಿ ಹಿಂಗಾಲಿನ ಮೇಲೆ ಎದ್ದು ನಿಂತಿದೆ. ಮುಂಗಾಲಲ್ಲಿ ಏನೋ ಹಿಡಿದಿದೆ, ಅದು ಕಿರೀಟ. ಕತ್ತಿನ ಸುತ್ತ ಕೇಸರ ಇದೆ. ಮೈಮೇಲೆ ಒಂದೇ ಒಂದು ಪಟ್ಟೆ ಇಲ್ಲ. ಇದು ಹುಲಿಯಲ್ಲ ಮಾರಾಯ್ರೆ, ಸಿಂಹ. ಈಸ್ಟ್ ಇಂಡಿಯಾ ಕಂಪನಿಯ ಸಿಂಹ. ಪಕ್ಕದಲ್ಲಿ 1845 ಅಂತ ಇಸವಿಯೂ ಇದೆ. ಟಿಪ್ಪು ತೀರಿಕೊಂಡದ್ದು 1799ರ ಮೇ 4ಕ್ಕೆ. ನಿಮ್ಮ ದೊಡ್ಡಪ್ಪನ ಕೋವಿ ಟಿಪ್ಪುವಿನ ಕಡೆಯದ್ದಲ್ಲ, ಅವನ ಎದುರು ಪಾರ್ಟಿಯದ್ದು!

ಇಸವಿ ಮಾಸಿ ಹೋಗಿದ್ದರೂ ಕೇಪು ನೋಡಿಯೇ ಹೇಳಬಹುದಿತ್ತು. ಟಿಪ್ಪುವಿನ ಕಾಲದಲ್ಲಿ ಕೇಪೇ ಇರಲಿಲ್ಲ. ಆಗ ಇದ್ದದ್ದು ಚಕಮಕಿ ಕಲ್ಲಿನ ಕೋವಿ, ಬತ್ತಿ ಹಚ್ಚಿ ಹೊಡೆಯುವ ಕೋವಿ. ಕೇಪು ಬಳಕೆಗೆ ಬಂದದ್ದು 1820ರ ನಂತರ, ಬ್ರಿಟಿಷ್ ಸೈನ್ಯ ಅದಕ್ಕೆ ಬದಲಾದದ್ದು 1840ರ ಆಸುಪಾಸಿನಲ್ಲಿ. ಕೆಲವು ಚಕಮಕಿ ಕೋವಿಗಳನ್ನು ಆಮೇಲೆ ಕೇಪಿಗೆ ಬದಲಾಯಿಸಿದ್ದೂ ಉಂಟು. ಅಂಥದ್ದಾದರೆ ಬದಿಯ ತಗಡಿನಲ್ಲಿ ಹಳೆಯ ಸ್ಕ್ರೂ ತೂತುಗಳನ್ನು ಮುಚ್ಚಿದ ಗುರುತು ಕಾಣಬೇಕು. ನಿಮ್ಮದರಲ್ಲಿ ಇಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಾಡಿಸಿದ ಕೋವಿಗಳಲ್ಲಿ ಹುಲಿಪಟ್ಟೆ ಇರುತ್ತದೆ, ಪಾರ್ಸಿ ಅಕ್ಷರ ಇರುತ್ತದೆ, ಇಸವಿಯೂ ಅವನದೇ ಲೆಕ್ಕದ್ದು. ನಮ್ಮ ಕರಾವಳಿಯಲ್ಲಿ ಹಳೆಯದೆಲ್ಲ ಟಿಪ್ಪುವಿನ ಖಾತೆಗೆ ಹೋಗುತ್ತದೆ. ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಮಂಗಳೂರಲ್ಲೇ ಇದೆಯಲ್ಲ, ಜನರನ್ನು ದೂರಿ ಪ್ರಯೋಜನ ಇಲ್ಲ.

ಇನ್ನು ವಾರ್ನಿಶ್. ಬೇಡ. ಸ್ಯಾಂಡ್ ಪೇಪರ್, ತಂತಿ ಬ್ರಶ್, ನಿಂಬೆಹುಳಿ, ಬ್ರಾಸೊ ಯಾವುದೂ ಬೇಡ. ನಳಿಗೆ ಕಂದಾಗಿ ಕಾಣುವುದೆಲ್ಲ ತುಕ್ಕಲ್ಲ. ಆ ಕಾಲದಲ್ಲಿ ಎಷ್ಟೋ ನಳಿಗೆಗಳಿಗೆ ಕಾರ್ಖಾನೆಯಲ್ಲೇ ಕಂದು ಬಣ್ಣ ಕೊಡುತ್ತಿದ್ದರು. ಬೇಕೆಂದೇ ತೆಳ್ಳಗೆ ತುಕ್ಕು ಬರಿಸಿ, ತಿಕ್ಕಿ, ಮತ್ತೆ ಬರಿಸಿ, ಹೀಗೆ ಪದರ ಕೂರಿಸುವ ಕೆಲಸ ಅದು. ನೀವು ಉಜ್ಜಿ ಬೆಳ್ಳಗೆ ಮಾಡಿದರೆ ಆ ಕೆಲಸ ಹೋಯಿತು. ಉಗುರಿನಿಂದ ಕೆರೆದಾಗ ಪುಡಿ ಪುಡಿಯಾಗಿ ಕೆಂಪಗೆ ಬರುವುದು ಮಾತ್ರ ತುಕ್ಕು. ಅದಕ್ಕೆ ತೆಳ್ಳಗಿನ ಮೆಷಿನ್ ಎಣ್ಣೆ ಹಾಕಿ ಒಂದು ದಿನ ಬಿಡಿ. ಆಮೇಲೆ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಹೋದಷ್ಟು ಹೋಗಲಿ, ಉಳಿದದ್ದು ಉಳಿಯಲಿ.

ಮರದಲ್ಲಿ ಇನ್ನೂ ಜಾಸ್ತಿ ಹುಷಾರು ಬೇಕು. ಬಟ್‌ನ (ಹೆಗಲಿಗೆ ಒತ್ತುವ ಹಿಂಭಾಗದ ಮರ) ಬಲಮಗ್ಗುಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗ್ರಾಣದವರ ಮುದ್ರೆ, ರೆಜಿಮೆಂಟಿನ ಅಕ್ಷರ, ಕೋವಿಯ ನಂಬರು, ಇವೆಲ್ಲ ಮರದಲ್ಲಿ ಕೂದಲೆಳೆಯಷ್ಟು ಆಳಕ್ಕೆ ಒತ್ತಿರುತ್ತವೆ. ಆಚಾರಿ ಒಂದು ಸಲ ಪೇಪರ್ ಹೊಡೆದರೆ ಕೋವಿ ಯಾರ ಕೈಯಲ್ಲಿತ್ತು ಅನ್ನುವ ಲೆಕ್ಕ ನೆಲಕ್ಕೆ ಪುಡಿಯಾಗಿ ಬೀಳುತ್ತದೆ. ಕೋವಿ ಸಂಗ್ರಹಿಸುವವರು 'ಒರಿಜಿನಲ್' ಅನ್ನುವುದು ಇದಕ್ಕೇ. ಹೊಸದರಂತೆ ಹೊಳೆಯಬೇಕು ಅಂತಲ್ಲ. ಸೈನ್ಯ ಕೈಬಿಟ್ಟಾಗ ಹೇಗಿತ್ತೋ ಹಾಗೆ ಇರಬೇಕು, ಗೀರು, ಗುದ್ದು ಎಲ್ಲ ಸೇರಿ.

ಅಟ್ಟದಲ್ಲಿ ಕಾಗದ ಪತ್ರ ಏನಾದರೂ ಇದ್ದರೆ ಎಸೆಯಬೇಡಿ. 1878ರ ಆರ್ಮ್ಸ್ ಆಕ್ಟ್ ಬಂದ ಮೇಲೆ ಕೋವಿಗೆ ಲೈಸೆನ್ಸ್ ಬೇಕಾಯಿತು. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ಮದ್ರಾಸು ಸರಕಾರದ ಮುದ್ರೆ ಇರುವ ಹಳೆಯ ಲೈಸೆನ್ಸ್ ಪುಸ್ತಕ ಸಿಕ್ಕಿದರೂ ಸಿಕ್ಕೀತು. ನನ್ನ ಮಟ್ಟಿಗೆ ಅಂಥ ಹರುಕು ಪುಸ್ತಕ ಇರುವ ಒಂದು ಕೋವಿ, ಪಾಲಿಶ್ ಹೊಡೆದ ಹತ್ತು ಕೋವಿಗಿಂತ ಮೇಲು.

ಚಾವಡಿಗೆ ತೂಗುಹಾಕುವ ಮೊದಲು ಕಾನೂನಿನ ಕೆಲಸ ಮುಗಿಸಿ. ಹಳೆಯದು ಅಂದ ಮಾತ್ರಕ್ಕೆ ಬಿಟ್ಟುಬಿಡುವುದಿಲ್ಲ. ಈಗಿರುವ 1959ರ ಆರ್ಮ್ಸ್ ಆಕ್ಟಿನ 45ನೇ ಸೆಕ್ಷನ್ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಕೋವಿಯಾಗಿ ಬಳಸಲಾಗದ ಹಳೆಯ ಆಯುಧಕ್ಕೆ. ನಿಮ್ಮದು ಹಾಗಲ್ಲ, ಅದರ ಹ್ಯಾಮರ್ ಈಗಲೂ ಟಕ್ಕೆಂದು ಬೀಳುತ್ತದೆ ಅಂತ ನೀವೇ ಬರೆದಿದ್ದೀರಿ. 2020ರಲ್ಲಿ ಕೇಂದ್ರ ಸರಕಾರ ಕ್ಯೂರಿಯೊ (ಅಪರೂಪದ ಹಳೆ ವಸ್ತು) ವರ್ಗದ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂದಿತು. ಆದರೆ ಬಳಸಲು, ಸಾಗಿಸಲು ಲೈಸೆನ್ಸ್ ಬೇಕೇ ಬೇಕು. ನಿಮ್ಮ ಕೋವಿ ಆ ವರ್ಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದನ್ನು ನೀವೂ ನಾನೂ ತೀರ್ಮಾನಿಸುವುದಲ್ಲ. ಠಾಣೆಗೆ ತಿಳಿಸಿ, ಮಣಿಪಾಲದ ರಜತಾದ್ರಿಯಲ್ಲಿ ಡಿಸಿ ಆಫೀಸಿಗೆ ಫೋಟೊ ಸಮೇತ ಅರ್ಜಿ ಕೊಡಿ. ಕೋವಿಯನ್ನೇ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಬೇಡಿ, ಆಯ್ತಾ?

ಪ್ರಶ್ನೆ: ನನ್ನಲ್ಲಿರುವ ಕೋವಿಯ ಬೆಲೆ ಎಷ್ಟಾಗಬಹುದು? — ಓದುಗರು, ಮೂಡುಬಿದಿರೆ

ಉತ್ತರ: ಯಾವ ಕೋವಿ ಅಂತಲೇ ಬರೆದಿಲ್ಲ! ಬರೆದಿದ್ದರೂ ನಾನು ಬೆಲೆ ಹೇಳುವುದಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದೆ. ಡ್ರಿಲ್ಲಿಗೆ ಕೊಡುತ್ತಿದ್ದ ತ್ರೀ ನಾಟ್ ತ್ರೀ (.303) ರೈಫಲ್ ಮೇಲೆ ಆಗಿನಿಂದಲೂ ಆಸೆ. ಈಗ ಕೆಲಸ ಇದೆ, ಕೈಯಲ್ಲಿ ದುಡ್ಡೂ ಇದೆ. ಒರಿಜಿನಲ್ ಸ್ಥಿತಿಯಲ್ಲಿರುವ ಒಂದನ್ನು ಕೊಂಡು ಇಟ್ಟುಕೊಳ್ಳಬಹುದಾ? — ಓದುಗರು, ಕದ್ರಿ, ಮಂಗಳೂರು

ಉತ್ತರ: ಇಲ್ಲ. ತ್ರೀ ನಾಟ್ ತ್ರೀ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಒಳಅಳತೆ). ಸರಕಾರದ ತೋಟೆ ಖಾಸಗಿಯವರ ಕೋವಿಗೆ ಹೊಂದಬಾರದು ಅನ್ನುವುದೇ ಇದರ ಹಿಂದಿನ ಲೆಕ್ಕ. ಅದಕ್ಕೇ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ಜನಸಾಮಾನ್ಯರಿಗೆ ಅಂತ .315 ಬೋರಿನ ರೈಫಲ್ ಮಾಡಿತು. ನೋಡಲು ಅದೇ ಮನೆತನದ್ದು, ಆದರೆ ಸೈನ್ಯದ ತೋಟೆ ಅದರಲ್ಲಿ ಕೂರುವುದಿಲ್ಲ. ಆರ್ಮ್ಸ್ ಆಕ್ಟಿಗೆ 2019ರಲ್ಲಿ ಆದ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ. ಮೊದಲು ಮೂರಿತ್ತು. ವಂಶಪಾರಂಪರ್ಯವಾಗಿ ಬಂದದ್ದೂ ಈ ಲೆಕ್ಕದೊಳಗೇ. ಹಾಗಾಗಿ ವಿದೇಶದವರು ಕೋಣೆ ತುಂಬ ರೈಫಲ್ ಜೋಡಿಸಿಟ್ಟ ವಿಡಿಯೊ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ.

ಆದರೆ ಆ ರೈಫಲನ್ನು ಓದಲು ಕಲಿಯಲು ಲೈಸೆನ್ಸ್ ಬೇಡ. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಬಟ್ ಕೂರುವ ಜಾಗದಲ್ಲಿ, ಬೋಲ್ಟ್‌ನ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಹಿಡಿ ಇಳಿಯುವಲ್ಲಿ ಒಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಹೆಬ್ಬೆರಳು ತಾಗುವ ಜಾಗ, ಅಲ್ಲಿದೆ ಅದರ ಜಾತಕ. ಇಛಾಪುರದ್ದಾದರೆ ಕಿರೀಟ, ಅದರ ಕೆಳಗೆ ಜಿ.ಆರ್.ಐ. ಅಂದರೆ ಚಕ್ರವರ್ತಿ ಜಾರ್ಜ್. ಆಮೇಲೆ ಊರಿನ ಹೆಸರು, ಇಸವಿ, ಮಾದರಿ. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು. ರೈಫಲ್ ಮಾತ್ರ ಹೆಚ್ಚು ಕಡಿಮೆ ಅದೇ, 1907ರ ಮಾರ್ಕ್ ಮೂರರ ವಂಶ. ಹತ್ತು ತೋಟೆಯ ಮ್ಯಾಗಜೀನ್, ಸುಮಾರು ನಾಲ್ಕು ಕಿಲೊ ತೂಕ. ಪೆರೇಡಿನಲ್ಲಿ ಹೊತ್ತ ನಿಮ್ಮ ಹೆಗಲಿಗೆ ಗೊತ್ತಿರಬೇಕು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರಲ್ಲಿ.

ಇನ್ನು ನಂಬರು. ಬೋಲ್ಟ್‌ನಲ್ಲಿ, ಬಾಡಿಯಲ್ಲಿ, ನಳಿಗೆಯಲ್ಲಿ, ಮುಂದಿನ ಮೂಗಿನ ಕಬ್ಬಿಣದಲ್ಲಿ, ಹಿಂದಿನ ಸೈಟಿನ ಎಲೆಯ ಅಡಿಯಲ್ಲಿ ಒಂದೇ ನಂಬರು ಬರಬೇಕು. ಬೋಲ್ಟ್‌ನ ನಂಬರು ಬೇರೆ ಇದ್ದರೆ ಅದು ಬೇರೊಂದು ರೈಫಲಿನ ಬೋಲ್ಟ್. ನಾವು ಆರ್ಮರರುಗಳು ಇದನ್ನು ಶೋಕಿಗೆ ನೋಡುತ್ತಿರಲಿಲ್ಲ. ಬೋಲ್ಟ್ ಬದಲಾದರೆ ತೋಟೆಯ ಹಿಂದಿನ ಸಂದು ಬದಲಾಗುತ್ತದೆ, ಅದು ಜಾಸ್ತಿಯಾದರೆ ಹೊಡೆಯುವವನ ಕಣ್ಣಿಗೆ ಅಪಾಯ. ಸಂಗ್ರಹದವರು ಬೆಲೆಗಾಗಿ ನೋಡುವ ನಂಬರನ್ನೇ ನಾವು ಕಣ್ಣು ಉಳಿಸಲು ನೋಡುತ್ತಿದ್ದೆವು.

ಕೆಲವು ಇಛಾಪುರ ರೈಫಲ್‌ಗಳ ಮುಂಭಾಗದ ಮರಕ್ಕೆ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕಿರುತ್ತಾರೆ. ಯಾರೋ ಹಳ್ಳಿಯವರು ಒಡೆದ ಮರಕ್ಕೆ ತಂತಿ ಕಟ್ಟಿದ್ದು ಅಂತ ಬಿಚ್ಚಿ ಹಾಕಿದವರನ್ನು ಬಲ್ಲೆ. ಅದು ಗ್ರೆನೇಡ್ ಹಾರಿಸುವ ರೈಫಲ್. ಆ ಹೊಡೆತಕ್ಕೆ ಮರ ಸೀಳಬಾರದು ಅಂತ ಸೈನ್ಯವೇ ಸುತ್ತಿದ ತಂತಿ. ಕಾರ್ಖಾನೆಯಿಂದ ಹೊರಬಂದ ಮೇಲೆ ಸೈನ್ಯ ಮಾಡಿದ ಬದಲಾವಣೆಯೂ ಒರಿಜಿನಲ್ಲೇ. ಹಾಗೇ ನಿಮ್ಮ ಎನ್‌ಸಿಸಿ ರೈಫಲಿನ ಡಿ.ಪಿ. ಮುದ್ರೆ. ಡ್ರಿಲ್ಲಿಗೆ ಮಾತ್ರ ಅಂತ ಅದರ ಅರ್ಥ. ಆ ಮುದ್ರೆ ಬಿದ್ದ ಮೇಲೆ ಅದು ಹೊಡೆಯುವ ರೈಫಲ್ ಅಲ್ಲ.

ಆಸೆ ತಡೆಯದಿದ್ದರೆ ಒಂದು ದಾರಿ ಹೇಳುತ್ತೇನೆ. ರೈಫಲ್ ಬಿಡಿ, ಅದರ ಜೊತೆಯ ಸಾಮಾನು ಹುಡುಕಿ. ಬಟ್‌ನ ಹಿಂದಿನ ಹಿತ್ತಾಳೆ ಮುಚ್ಚಳ ತೆಗೆದರೆ ಒಂದು ಗೂಡು. ಅದರಲ್ಲಿ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಎಣ್ಣೆ ಬಾಟ್ಲಿ, ನಳಿಗೆಯೊಳಗೆ ಎಳೆದು ಒರೆಸುವ ಪುಲ್‌ಥ್ರೂ ಹಗ್ಗ, ಚಿಂದಿ. ಬಾಟ್ಲಿಯ ಬಿರಡೆಗೆ ಚಮಚದಂಥ ಒಂದು ಕಡ್ಡಿ ಇರುತ್ತದೆ. ತಯಾರಕರ ಗುರುತು ಬಾಟ್ಲಿ ಮೇಲೇ ಇರುತ್ತದೆ, ಕೆಲವಕ್ಕೆ ಇಸವಿಯೂ. ಗುಜರಿಯಲ್ಲಿ ಹಿತ್ತಾಳೆಯ ತೂಕಕ್ಕೆ ಸಿಕ್ಕರೆ ಬಿಡಬೇಡಿ. ಕೋವಿಯನ್ನೇ ಕಣ್ತುಂಬ ನೋಡಬೇಕಾದರೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ. ಜನರಲ್ ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ. ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಕರೆಯುವ ಗೆಳೆಯರಿದ್ದರೆ ಪೂಜೆಗೆ ಇಟ್ಟ ಕೋವಿಗಳನ್ನೂ ನೋಡಬಹುದು. ಮುಟ್ಟುವ ಮೊದಲು ಮನೆಯವರನ್ನು ಕೇಳಿ.

ಪ್ರಶ್ನೆ: ಮಸ್ಕತ್‌ನಲ್ಲಿದ್ದೇನೆ, ಮುಂದಿನ ತಿಂಗಳು ಊರಿಗೆ ಬರುವುದಿದೆ. ಇಲ್ಲಿ ಒಂದು ಅಂಗಡಿಯಲ್ಲಿ ಮಾರ್ಟಿನಿ-ಹೆನ್ರಿ ರೈಫಲ್ ನೋಡಿದೆ. ಕಿರೀಟ, ಅದರ ಕೆಳಗೆ ವಿ.ಆರ್., ಎನ್‌ಫೀಲ್ಡ್, 1907 ಅಂತ ಇದೆ. ವಿಕ್ಟೋರಿಯಾ ರಾಣಿಯ ಕಾಲದ್ದು ಅಂತ ಅಂಗಡಿಯವ ಹೇಳಿದ. ಬ್ಯಾಗೇಜಿನಲ್ಲಿ ತರಬಹುದಾ? — ಓದುಗರು, ಊರು ಕುಂದಾಪುರ

ಉತ್ತರ: ವಿ.ಆರ್. ಅಂದರೆ ವಿಕ್ಟೋರಿಯಾ ರಾಣಿ ಹೌದು. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ. 1907ಕ್ಕೆ ಮಗ ಎಡ್ವರ್ಡ್ ಸಿಂಹಾಸನದಲ್ಲಿದ್ದ, ಮುದ್ರೆ ಇ.ಆರ್. ಆಗಬೇಕಿತ್ತು. ಸತ್ತ ರಾಣಿಯ ಹೆಸರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಕೋವಿ ಮಾಡಲಿಲ್ಲ.

ಇದು ಹೆಚ್ಚಾಗಿ ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಣಿವೆಯ ಕಡೆಯ ಕೈಕೆಲಸ. ಅಲ್ಲಿ ದರ್ರಾ ಆದಂ ಖೇಲ್ ಅಂತ ಊರಿದೆ. ಅರ ಮತ್ತು ಸುತ್ತಿಗೆ ಹಿಡಿದು ಯಾವ ಕೋವಿಯನ್ನಾದರೂ ನಕಲು ಮಾಡುವ ಕಮ್ಮಾರರು. ಇಂಗ್ಲಿಷ್ ಓದಲು ಬಾರದವರು ಮುದ್ರೆಯನ್ನೂ ಚಿತ್ರದ ಹಾಗೆ ನಕಲು ಮಾಡುತ್ತಿದ್ದರು. ಹಾಗಾಗಿ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಎನ್‌ಫೀಲ್ಡ್‌ನ ಕಾಗುಣಿತ ತಪ್ಪಿರುತ್ತದೆ. ಇನ್ನೊಮ್ಮೆ ಅಂಗಡಿಗೆ ಹೋದರೆ ಸ್ಕ್ರೂಗಳನ್ನು ನೋಡಿ. ಕಾರ್ಖಾನೆಯ ಸ್ಕ್ರೂವಿನ ಗೀಟು ತೆಳ್ಳಗೆ, ಸರಿ ನಡುವಿನಲ್ಲಿ ಇರುತ್ತದೆ. ಕೈಯಲ್ಲಿ ಅರದಿಂದ ಕೊರೆದದ್ದು ಅಗಲವಾಗಿ ಒಂದು ಬದಿಗೆ ಸರಿದಿರುತ್ತದೆ. ನಿಜ ಹೇಳಬೇಕಂದರೆ ನನಗೆ ಆ ನಕಲುಗಳ ಮೇಲೆ ಗೌರವ ಇದೆ. ಲೇತ್ ಇಲ್ಲದೆ ಅಂಥ ಕೆಲಸ ಮಾಡುವುದು ಸುಮ್ನೆ ಅಲ್ಲ. ಆದರೆ ಅದನ್ನು ರಾಣಿಯ ಸೈನ್ಯದ್ದು ಅಂತ ಮಾರುವುದು ಬೇರೆ ಮಾತು. ಮಸ್ಕತ್ ಒಂದು ಕಾಲದಲ್ಲಿ ಈ ಗಡಿನಾಡಿಗೆ ಕೋವಿ ಸಾಗಿಸುವ ದೊಡ್ಡ ಪೇಟೆ. ಅಲ್ಲಿ ಅಸಲಿ ಮಾರ್ಟಿನಿಯೂ ಬೇಕಾದಷ್ಟು ಬಂದಿತ್ತು, ಬೆಳ್ಳಿಪಟ್ಟಿ ಹೊಡೆಸಿದ್ದೂ ಉಂಟು.

ತರುವ ವಿಷಯ. ದಯವಿಟ್ಟು ಬೇಡ. ಆಮದು ಲೈಸೆನ್ಸ್ ಇಲ್ಲದೆ ಕೋವಿ ಹಿಡಿದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದರೆ ನಿಮ್ಮನ್ನು ಕರೆದೊಯ್ಯಲು ಬಂದ ಮನೆಯವರು ಕಾರಲ್ಲಿ ಕಾಯುತ್ತಲೇ ಇರಬೇಕಾದೀತು. ಖರ್ಜೂರ ತನ್ನಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಕೆಲವು ತಿಂಗಳಾಯಿತು. ಅವರ ಅಜ್ಜನಿಂದ ಬಂದ ಒಂಟಿನಳಿಗೆ ಕೋವಿ ಇದೆ. ಹಿಂದುಗಡೆ ಡಬ್ಬಿಯ ಮುಚ್ಚಳದ ಹಾಗೆ ಪಕ್ಕಕ್ಕೆ ತೆರೆಯುತ್ತದೆ, 1867 ಅಂತ ಇದೆ. ಅವರು ಪ್ರತಿ ಮಳೆಗಾಲ ತೆಂಗಿನೆಣ್ಣೆ ಹಚ್ಚಿ ಚರ್ಮದ ಚೀಲದಲ್ಲಿ ಇಡುತ್ತಿದ್ದರು. ಈ ಸಲ ತೆಗೆದು ನೋಡಿದರೆ ಹಿತ್ತಾಳೆಯ ಮೇಲೆ ಹಸಿರು, ನಳಿಗೆಯಲ್ಲಿ ಚುಕ್ಕೆ ಚುಕ್ಕೆ ತುಕ್ಕು. ಏನು ಮಾಡಲಿ? ಲೈಸೆನ್ಸ್ ಅವರ ಹೆಸರಲ್ಲಿದೆ. — ಓದುಗರು, ಬ್ರಹ್ಮಾವರ

ಉತ್ತರ: ಅಮ್ಮಾ, ಕಾಗದದ ಕೆಲಸ ಮೊದಲು ಮಾಡಿ. ಲೈಸೆನ್ಸ್ ಹೆಸರಿನವರು ಇಲ್ಲದ ಮೇಲೆ ಕೋವಿ ಮನೆಯಲ್ಲಿ ಇರುವಂತಿಲ್ಲ. ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಟ್ಟು ರಶೀದಿ ಪಡೆಯಿರಿ. 2016ರ ಆರ್ಮ್ಸ್ ನಿಯಮದಲ್ಲಿ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ನೀವೋ ಮಕ್ಕಳೋ ಅರ್ಜಿ ಹಾಕಬಹುದು, ಉಳಿದ ವಾರಸುದಾರರ ಒಪ್ಪಿಗೆ ಜೊತೆಗಿರಲಿ. ಗುಜರಿಗೆ ಮಾತ್ರ ಕೊಡಬೇಡಿ. ನೀವು ಹೇಳಿದ್ದು ಸ್ನೈಡರ್ ಕೋವಿಯ ಲಕ್ಷಣ. ಬಾಯಿಯಿಂದ ಮದ್ದು ತುಂಬುತ್ತಿದ್ದ ಕೋವಿಯ ಹಿಂಭಾಗ ಕತ್ತರಿಸಿ, ತೋಟೆ ಹಾಕಲು ಮುಚ್ಚಳ ಕೂರಿಸಿದ ಉಪಾಯ ಅದು, 1866ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂತು.

ಈಗ ತುಕ್ಕು. ಯಜಮಾನರು ಕಾಳಜಿಯಿಂದಲೇ ಮಾಡಿದ್ದಾರೆ. ಆದರೆ ತೆಂಗಿನೆಣ್ಣೆ ತಲೆಗೆ ಸರಿ, ಕಬ್ಬಿಣಕ್ಕೆ ಅಲ್ಲ. ದಿನ ಹೋದಂತೆ ಕಮಟುತ್ತದೆ, ಹುಳಿಯಾಗುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಚರ್ಮದ ಚೀಲ ಅದಕ್ಕಿಂತ ಕೆಟ್ಟದ್ದು. ಆಟಿಯ ಮಳೆಯಲ್ಲಿ ಕಪಾಟಿನೊಳಗಿನ ಚಪ್ಪಲಿಗೇ ಬೂಷ್ಟು ಬರುವ ಊರು ನಮ್ಮದು. ಚರ್ಮ ಆ ನೀರನ್ನೆಲ್ಲ ಹೀರಿ ಕೋವಿಯ ಮೈಗೇ ಒತ್ತಿ ಹಿಡಿಯುತ್ತದೆ. ಚರ್ಮ ಹದ ಮಾಡಿದ ಹುಳಿ ಹಿತ್ತಾಳೆಗೆ ತಾಗಿದರೆ ನೀವು ಕಂಡ ಹಸಿರು ಬರುತ್ತದೆ. ಚೀಲವನ್ನು ಎಸೆಯಬೇಡಿ, ಬೇರೆ ಇಡಿ.

ತೆಂಗಿನೆಣ್ಣೆಯ ಅಂಟನ್ನು ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿದ ಬಟ್ಟೆಯಿಂದ ಒರೆಸಿ ತೆಗೆಯಿರಿ, ಒಲೆಯಿಂದ ದೂರ ಕೂತು. ಮರಕ್ಕೆ ತಾಗಿಸಬೇಡಿ. ಆಮೇಲೆ ಗನ್ ಎಣ್ಣೆ ಅಥವಾ ಹೊಲಿಗೆ ಮೆಷಿನ್ನಿನ ಎಣ್ಣೆಯ ತೆಳ್ಳನೆ ಪದರ. ಬೆರಳಿಟ್ಟರೆ ಗುರುತು ಬೀಳಬೇಕು, ಹನಿ ಇಳಿಯಬಾರದು. ಹಸಿರನ್ನು ಬಿದಿರಿನ ಕಡ್ಡಿಯ ಮೊನೆಯಿಂದ ಮೆಲ್ಲಗೆ ಎಬ್ಬಿಸಿ. ಮರಕ್ಕೆ ಹಸಿ ಅಗಸೆ ಎಣ್ಣೆ ನಾಲ್ಕೈದು ಹನಿ ಅಂಗೈಯಲ್ಲಿ ಹಾಕಿಕೊಂಡು ಬಿಸಿಯಾಗುವಷ್ಟು ತಿಕ್ಕಿ. ಬ್ರಿಟಿಷ್ ಸೈನ್ಯದಲ್ಲೂ ಕೋವಿಯ ಮರಕ್ಕೆ ಅದೇ ಎಣ್ಣೆ. ಉಳಿದ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯುವುದುಂಟು. ಬಿಡಿಸಿ ಹೊರಗೆ ಒಣಗಿಸಿ.

ಲೈಸೆನ್ಸ್ ನಿಮ್ಮ ಹೆಸರಿಗಾಗಿ ಕೋವಿ ಮನೆಗೆ ಬಂದ ಮೇಲೆ, ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಗೋಡೆಗೆ ತಾಗದ ಹಾಗೆ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಎಣ್ಣೆ ಇಳಿದು ಮರಕ್ಕೆ ಹೋಗಬಾರದಲ್ಲ, ಅದಕ್ಕೆ. ಬಾಯಿಗೆ ಬಿರಡೆ ಹಾಕಬೇಡಿ, ಒಳಗೆ ಬೆವರುತ್ತದೆ. ಕಪಾಟಿನ ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಒರಲೆ ಹತ್ತಿದೆಯಾ ಅಂತ ಬಟ್‌ನ ಹಿಂದಿನ ತಗಡಿನ ಅಂಚನ್ನು ಆಗಾಗ ನೋಡಿ. ಮುಟ್ಟಿದ ಮೇಲೆ ಕಬ್ಬಿಣವನ್ನು ಎಣ್ಣೆ ಬಟ್ಟೆಯಿಂದ ಒರೆಸಿಯೇ ಇಡಬೇಕು. ನಮ್ಮ ಕಡೆಯ ಸೆಕೆಗೆ ಬೆರಳಿನ ಬೆವರೊಂದೇ ಸಾಕು, ಮರುದಿನಕ್ಕೆ ಬೆರಳಚ್ಚು ತುಕ್ಕಿನಲ್ಲಿ ಮೂಡಿರುತ್ತದೆ.

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ಕೋವಿ ಠೇವಣಿ ಇಡಲು ಹೇಳುತ್ತಾರೆ. ವಾಪಸು ಬರುವಾಗ ಹೊಸ ಗೀರು, ಹೊಸ ತುಕ್ಕು. ನಮ್ಮದು ಅಜ್ಜನ ಕಾಲದ್ದು. ತೋಟಕ್ಕೆ ಹಂದಿ, ಮಂಗ ಬೇರೆ. ಏನಾದರೂ ಉಪಾಯ? — ಓದುಗರು, ಬೆಳ್ತಂಗಡಿ

ಉತ್ತರ: ಮಂಗಕ್ಕೆ ನನ್ನಲ್ಲಿ ಉಪಾಯ ಇಲ್ಲ. ಕೋವಿಗೆ ಇದೆ. ಕೊಡುವ ಹಿಂದಿನ ದಿನ ಹಗಲು ಬೆಳಕಿನಲ್ಲಿ ಎರಡೂ ಮಗ್ಗುಲು, ನಂಬರು, ಈಗಾಗಲೇ ಇರುವ ಗೀರು ಎಲ್ಲದರ ಫೋಟೊ ತೆಗೆಯಿರಿ. ರಶೀದಿಯಲ್ಲಿ ನಂಬರಿನ ಜೊತೆ 'ಹಳೆಯ ಕೋವಿ, ಸುಸ್ಥಿತಿ' ಅಂತ ಬರೆಸಿ. ಕೇಳಿದರೆ ಬರೆದುಕೊಡುತ್ತಾರೆ, ನಾವು ಕೇಳುವುದಿಲ್ಲ ಅಷ್ಟೆ. ಈ ಸಲ ಎಣ್ಣೆ ಬದಲು ಗ್ರೀಸನ್ನೇ ತೆಳ್ಳಗೆ ಬಳಿದು, ಒಗೆದು ಒಣಗಿಸಿದ ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ, ಮೇಲಿಂದ ಸಡಿಲವಾಗಿ ದಾರ ಕಟ್ಟಿ ಕೊಡಿ. ಪ್ಲಾಸ್ಟಿಕ್ ಬೇಡ. ಲೈಸೆನ್ಸ್ ನಂಬರು, ಫೋನ್ ನಂಬರು ಬರೆದ ರಟ್ಟಿನ ಚೀಟಿಯನ್ನು ಟ್ರಿಗರ್ ಸುತ್ತಿನ ಕಬ್ಬಿಣಕ್ಕೆ ಕಟ್ಟಿ, ನಳಿಗೆಗೆ ಅಂಟಿಸಬೇಡಿ. ಫಲಿತಾಂಶ ಬಂದ ಮೇಲೆ ಆದಷ್ಟು ಬೇಗ ಹೋಗಿ ಬಿಡಿಸಿಕೊಳ್ಳಿ. ತಡಮಾಡಿದರೆ ಮಳೆ ಹಿಡಿಯುತ್ತದೆ.